ಸ್ಕೂಲಿಗೆ ನಡ್ಕೊಂಡು, ಸೈಕಲಲ್ಲಿ, ಕಾರ್‌ಪೂಲಲ್ಲಿ: ಪದೇ ಪದೇ ಕೇಳೋ ಪ್ರಶ್ನೆಗಳು

ಮೈಸೂರಿನ ನಮ್ಮ ಬಡಾವಣೇಲಿ ಮಕ್ಕಳನ್ನ ಗುಂಪು ಕಟ್ಕೊಂಡು ಸ್ಕೂಲಿಗೆ ನಡೆಸ್ಕೊಂಡು ಹೋಗೋಕೆ ಶುರು ಮಾಡಿ ಇದು ಮೂರನೇ ವರ್ಷ. ಮೂರು ಮಕ್ಕಳಿದ್ರು, ಈಗ ಹದಿನಾಲ್ಕು. ಹೈಸ್ಕೂಲು ಹುಡುಗರು ಐದಾರು ಜನ ಸೈಕಲಲ್ಲಿ ಹೋಗ್ತಾರೆ, ರಿಂಗ್ ರೋಡ್ ಆಚೆ ಇರೋ ನಾಲ್ಕು ಮನೆಯವರು ಒಂದೇ ಕಾರಲ್ಲಿ ಕಳಿಸ್ತಾರೆ. ಪ್ರತಿ ಜೂನಲ್ಲೂ ಹೊಸ ಅಪ್ಪ ಅಮ್ಮಂದಿರು ಬರ್ತಾರೆ, ಅವೇ ಪ್ರಶ್ನೆ ಕೇಳ್ತಾರೆ, ನಾನೂ ಅದನ್ನೇ ವಾಯ್ಸ್ ಮೆಸೇಜಲ್ಲಿ ಹೇಳಿ ಹೇಳಿ ಗಂಟಲು ಕಟ್ತು, ಅದಕ್ಕೆ ಈ ಸಲ ಕೂತ್ಕೊಂಡು ಬರ್ದೇ ಬಿಟ್ಟಿದೀನಿ. ನಾನು ಪೊಲೀಸೂ ಅಲ್ಲ ಟೀಚರೂ ಅಲ್ಲ, ಇಬ್ಬರು ಮಕ್ಕಳ ತಾಯಿ ಅಷ್ಟೇ.

ಸ್ಕೂಲಿಗೆ ನಡೆಸ್ಕೊಂಡು ಹೋಗೋದಾ? ಈ ಟ್ರಾಫಿಕ್‌ನಲ್ಲಾ?

ಎಲ್ಲರೂ ಮೊದಲು ಕೇಳೋದು ಇದನ್ನೇ, ನಾನೂ ಕೇಳಿದ್ದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಮಗಳ ಕೈ ಹಿಡ್ಕೊಂಡು ಮನೆಯಿಂದ ಸ್ಕೂಲಿನ ತನಕ ಸುಮ್ನೆ ನಡೆದು ನೋಡಿದೆ. ಒಂದೂವರೆ ಕಿಲೋಮೀಟರ್. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಕ್ರಾಸ್ ರೋಡುಗಳೇ, ಮನೆ ಮುಂದೆ ರಂಗೋಲಿ, ಹಾಲಿನವರು, ಹೂವಿನವರು, ಹೆದರೋಕೆ ಏನೂ ಇಲ್ಲ. ನಿಜವಾಗ್ಲೂ ಭಯ ಆಗೋ ಜಾಗ ಅಂದ್ರೆ ಎರಡೇ, ಒಂದು ಡಬಲ್ ರೋಡ್ ದಾಟೋ ಜಂಕ್ಷನ್, ಇನ್ನೊಂದು ಸ್ಕೂಲ್ ಗೇಟು. ಎರಡೂ ಸೇರಿಸಿದ್ರೆ ನೂರೈವತ್ತು ಮೀಟರ್ ಇರಬಹುದು. ಆ ನೂರೈವತ್ತು ಮೀಟರ್‌ಗೋಸ್ಕರ ನಾವು ಒಂದೂವರೆ ಕಿಲೋಮೀಟರ್ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಿದ್ವಿ, ಎಲ್ಲರೂ ಹಾಗೇ ಮಾಡಿ ಮಾಡಿ ಗೇಟಿನ ಮುಂದೆ ಜಾತ್ರೆ.

ಹಾಗಾಗಿ ನಿಮ್ಮ ದಾರೀಲಿ ಕೆಟ್ಟ ಜಾಗ ಯಾವುದು ಅಂತ ಮೊದಲು ಹುಡುಕಿ, ಅಲ್ಲಿ ಒಬ್ಬ ದೊಡ್ಡವರು ನಿಂತ್ಕೊಳ್ಳೋ ಹಾಗೆ ಮಾಡಿ. ಉಳಿದ ದಾರಿ ದೊಡ್ಡ ಮಕ್ಕಳಿಗೆ ಬಿಡಬಹುದು.

ಎಷ್ಟು ದೂರ ಇದ್ರೆ ನಡೆಸಬಹುದು?

ಒಂದನೇ ಎರಡನೇ ಕ್ಲಾಸಿನವರಿಗೆ ಒಂದು ಕಿಲೋಮೀಟರ್ ಆರಾಮ, ಅವರ ನಡಿಗೇಲಿ ಹದಿನೈದು ಇಪ್ಪತ್ತು ನಿಮಿಷ. ದಾರೀಲಿ ಬೆಕ್ಕು ಸಿಕ್ಕಿದ್ರೆ ಇನ್ನೈದು ಸೇರಿಸ್ಕೊಳ್ಳಿ. ಐದನೇ ಕ್ಲಾಸಿನ ಮೇಲೆ ಎರಡು ಕಿಲೋಮೀಟರ್ ದೊಡ್ಡ ವಿಷ್ಯ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ ನಿಯಮದಲ್ಲೂ ಐದನೇ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಇರಬೇಕು ಅಂತಿರೋದು, ಅಂದ್ರೆ ಮಕ್ಕಳು ನಡ್ಕೊಂಡೇ ಬರ್ತಾರೆ ಅನ್ನೋ ಲೆಕ್ಕ. ಊರಾಚೆ ಹದಿನಾಲ್ಕು ಕಿಲೋಮೀಟರ್ ದೂರದ ಸ್ಕೂಲಿಗೆ ನಾವಾಗೇ ಸೇರಿಸಿದ್ರೆ ನಡೆಸೋ ಮಾತು ಬಿಡಿ, ಕೆಳಗೆ ಕಾರ್‌ಪೂಲ್ ಪ್ರಶ್ನೆಗೆ ಹೋಗಿ.

ಯಾವ ವಯಸ್ಸಿಗೆ ಒಬ್ಬರನ್ನೇ ಕಳಿಸಬಹುದು?

ಇಷ್ಟೇ ವಯಸ್ಸು ಅಂತ ಗೆರೆ ಎಳೆಯೋಕಾಗಲ್ಲ. ಆದ್ರೆ ಒಂದು ವಿಷ್ಯ ತಿಳ್ಕೊಂಡಿರಿ, ಒಂಬತ್ತು ಹತ್ತು ವರ್ಷದ ಒಳಗಿನ ಮಕ್ಕಳಿಗೆ ಬರ್ತಿರೋ ಗಾಡಿ ಎಷ್ಟು ಸ್ಪೀಡಲ್ಲಿದೆ, ನಾನು ದಾಟೋ ಅಷ್ಟ್ರಲ್ಲಿ ಬಂದ್ಬಿಡುತ್ತಾ ಅನ್ನೋ ಅಂದಾಜು ಸರಿಯಾಗಿ ಸಿಗಲ್ಲ. ಅದು ಬುದ್ಧಿವಂತಿಕೆ ಪ್ರಶ್ನೆ ಅಲ್ಲ, ಮಗ್ಗಿ ಇಪ್ಪತ್ತರವರೆಗೂ ಹೇಳೋ ಮಗುವಿಗೂ ಸಿಗಲ್ಲ. ಜೊತೆಗೆ ಅವರ ಎತ್ತರ ಕಮ್ಮಿ, ನಿಂತಿರೋ ಕಾರಿನ ಆಚೆ ಏನಿದೆ ಅಂತ ಅವರಿಗೆ ಕಾಣಲ್ಲ, ಬರ್ತಿರೋ ಬೈಕಿನವನಿಗೂ ಅವರು ಕಾಣಲ್ಲ. ಅದಕ್ಕೆ ನಮ್ಮ ಗುಂಪಲ್ಲಿ ನಾಲ್ಕನೇ ಕ್ಲಾಸಿನವರೆಗೂ ದೊಡ್ಡವರು ಇದ್ದೇ ಇರ್ತಾರೆ. ಐದು ಆರಕ್ಕೆ ಬಂದ ಮೇಲೆ ಇಬ್ಬಿಬ್ಬರು ಜೋಡಿ. ಒಬ್ಬೊಬ್ಬರೇ ಹೋಗೋದು ಏಳನೇ ಕ್ಲಾಸಿನ ಮೇಲೆ, ಅದೂ ಆ ಮಗು ಒಂದು ವಾರ ಮುಂದೆ ನಡೆದು ನಾನು ಇಪ್ಪತ್ತು ಹೆಜ್ಜೆ ಹಿಂದೆ ನಡೆದು ನೋಡಿದ ಮೇಲೆ.

ಗುಂಪು ಶುರು ಮಾಡೋದು ಹೇಗೆ?

ದೊಡ್ಡ ಮೀಟಿಂಗ್ ಎಲ್ಲ ಕರೀಬೇಡಿ, ಕರೆದ್ರೆ ಕಾಫಿ ಕುಡಿದು ಪಾರ್ಕಿಂಗ್ ಜಗಳ ಆಡಿ ಎದ್ದು ಹೋಗ್ತಾರೆ. ನಿಮ್ಮ ಬೀದಿಯ ಇನ್ನೆರಡು ಮನೆ ಸಾಕು. ನಮ್ಮದು ಹೀಗೆ ನಡೆಯುತ್ತೆ: 7:50ಕ್ಕೆ ನಂದಿನಿ ಬೂತ್, 7:55ಕ್ಕೆ ಗಣೇಶನ ಗುಡಿ, 8:02ಕ್ಕೆ ಟ್ರಾನ್ಸ್‌ಫಾರ್ಮರ್ ಇರೋ ಮೂಲೆ, ಬಸ್ ಸ್ಟಾಪ್ ಥರಾನೇ. ಎರಡು ನಿಮಿಷ ಕಾಯ್ತೀವಿ, ಬರ್ಲಿಲ್ಲ ಅಂದ್ರೆ ಹೊರಟೇ. ಮೊದಲ ವಾರ ಇದಕ್ಕೆ ಬೈಸ್ಕೊಂಡೆ, ಎರಡನೇ ವಾರದಿಂದ ಎಲ್ಲರೂ ಟೈಮಿಗೆ ಸರಿಯಾಗಿ ಬರ್ತಿದಾರೆ. ಮುಂದೆ ಒಬ್ಬರು ಹಿಂದೆ ಒಬ್ಬರು ದೊಡ್ಡವರು. ಆರೇಳು ಮಕ್ಕಳಿಗೆ ಒಬ್ಬರು ಅನ್ನೋದು ನಮ್ಮ ಲೆಕ್ಕ, ಒಂದನೇ ಕ್ಲಾಸಿನವರು ಜಾಸ್ತಿ ಇದ್ರೆ ಇನ್ನೂ ಒಬ್ಬರು ಬೇಕು. ವಾರಕ್ಕೊಂದು ದಿನ ಒಬ್ಬೊಬ್ಬರ ಪಾಳಿ, ಹಾಗಾಗಿ ಯಾರಿಗೂ ಭಾರ ಆಗಲ್ಲ.

ಇದೇನು ನಾವು ಕಂಡುಹಿಡಿದಿದ್ದಲ್ಲ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ ಇದಕ್ಕೆ ವಾಕಿಂಗ್ ಸ್ಕೂಲ್ ಬಸ್ ಅಂತ ಹೆಸರಿಟ್ಟು ಜನಪ್ರಿಯ ಮಾಡಿದ್ರು. ಜಪಾನಲ್ಲಂತೂ ಪ್ರೈಮರಿ ಮಕ್ಕಳು ಅಕ್ಕಪಕ್ಕದ ಮನೆಯವರ ಜೊತೆ ಸಾಲಾಗಿ ನಡ್ಕೊಂಡು ಹೋಗೋದು ಎಷ್ಟೋ ಕಡೆ ಮಾಮೂಲಿ, ಒಂದನೇ ಕ್ಲಾಸಿನವರು ದೂರಕ್ಕೆ ಕಾಣಲಿ ಅಂತ ಹಳದಿ ಟೋಪಿ ಹಾಕ್ಕೊಂಡಿರ್ತಾರೆ. ನಮ್ಮ ಮಕ್ಕಳು ಇದನ್ನ ರೈಲು ಅಂತಾರೆ, ಕೊನೇಲಿ ಇರೋವ್ನು ಗಾರ್ಡು. ಗಾರ್ಡ್ ಕೆಲಸಕ್ಕೆ ದಿನಾ ಜಗಳ.

ಜಂಕ್ಷನ್‌ನಲ್ಲಿ ನಿಂತ್ಕೊಳ್ಳೋಕೆ ಯಾರು ಸಿಗ್ತಾರೆ?

ರಿಟೈರ್ ಆದೋರನ್ನ ಕೇಳಿ. ನಮ್ಮ ಜಂಕ್ಷನ್‌ನಲ್ಲಿ ನಿಲ್ಲೋರು ಒಬ್ಬ ತಾತ, ಸರ್ಕಾರಿ ಬಸ್ಸಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದೋರು. ಅವರು ಕೈ ಚಾಚಿ ನಿಂತು ಹಳೇ ಸೀಟಿ ಒಂದು ಊದ್ತಾರೆ, ಎರಡೂ ಕಡೆ ಗಾಡಿ ನಿಂತ ಮೇಲೆ "ರೈಟ್, ರೈಟ್" ಅಂತಾರೆ, ರೈಲು ದಾಟುತ್ತೆ, ಕೊನೇ ಮಗು ಈ ಕಡೆ ಬಂದ ಮೇಲೆ "ಹೋಲ್ಡಾನ್" ಅಂತ ಕೂಗ್ತಾರೆ. ಬಸ್ ಡ್ರೈವರುಗಳು ಹಾರ್ನ್ ಹೊಡೆಯಲ್ಲ, ಸಲ್ಯೂಟ್ ಹೊಡೀತಾರೆ. ಅವರಿಗೆ ಜ್ವರ ಬಂದ ದಿನ ನಾನು ನಿಂತಿದ್ದೆ, ಒಬ್ರೂ ನಿಲ್ಲಿಸ್ಲಿಲ್ಲ ಕಣ್ರೀ, ಆವತ್ತು ಸೀಟಿಯ ಬೆಲೆ ಗೊತ್ತಾಯ್ತು.

ಟ್ರಾಫಿಕ್ ಸ್ಟೇಷನ್‌ಗೆ ಒಂದು ಪತ್ರ ಬರೆದು ಸ್ಕೂಲ್ ಟೈಮಲ್ಲಿ ಇಂತಿಂಥವರು ಇಲ್ಲಿ ನಿಲ್ತಾರೆ ಅಂತ ಮೊದಲೇ ತಿಳಿಸಿಬಿಡಿ. ಕಣ್ಣಿಗೆ ಹೊಡೆಯೋ ಬಣ್ಣದ ರಿಫ್ಲೆಕ್ಟರ್ ಜಾಕೆಟ್ ಕೊಡ್ಸಿ. ಮೈನ್ ರೋಡ್ ತೀರಾ ದೊಡ್ಡದಾದ್ರೆ, ಹೈವೇ ಆದ್ರೆ, ತಾತನ ಸೀಟಿ ಸಾಲಲ್ಲ, ಅಲ್ಲಿ ಸಿಗ್ನಲ್ಲೋ ಸ್ಕೈವಾಕೋ ಬೇಕು, ಅಲ್ಲಿವರೆಗೂ ದಾಟಿಸಬೇಡಿ.

ಫುಟ್‌ಪಾತೇ ಇಲ್ವಲ್ಲ, ಎಲ್ಲಿ ನಡೀಬೇಕು?

ಇದ್ರೂ ಅದರ ಮೇಲೆ ಬೈಕು, ಜೆಲ್ಲಿ ರಾಶಿ, ಎಳನೀರು ಗಾಡಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಗಡೆ ಅಂಚಲ್ಲಿ ನಡೀಬೇಕು, ಎದುರಿಗೆ ಬರೋ ಗಾಡಿ ಕಣ್ಣಿಗೆ ಕಾಣೋ ಹಾಗೆ. ಎಡಗಡೆ ನಡೆದ್ರೆ ಗಾಡಿ ಬೆನ್ನಿಂದ ಬರುತ್ತೆ. ಸೈಕಲ್‌ಗೆ ಇದು ಉಲ್ಟಾ, ಸೈಕಲ್ ಯಾವಾಗ್ಲೂ ಎಡಗಡೆ. ಮಕ್ಕಳು ಈ ಎರಡನ್ನ ಕಲಸ್ಕೊಂಡ್ಬಿಡ್ತಾರೆ, ಅದಕ್ಕೆ ನಾನು ಹೇಳಿಕೊಡೋದು "ಕಾಲು ಬಲಕ್ಕೆ, ಚಕ್ರ ಎಡಕ್ಕೆ".

ಇನ್ನೊಂದು, ಮೋರಿ ಮೇಲಿನ ಚಪ್ಪಡಿ. ಭಾನುವಾರ ನಡೆದು ನೋಡ್ವಾಗ ಅಲ್ಲಾಡೋ ಚಪ್ಪಡಿ, ಬಾಯಿ ತೆರ್ಕೊಂಡಿರೋ ಚಪ್ಪಡಿ ಎಲ್ಲೆಲ್ಲಿದೆ ಅಂತ ಫೋಟೋ ತೆಗೆದಿಟ್ಕೊಳ್ಳಿ. ಮಳೆಗಾಲದಲ್ಲಿ ನೀರು ತುಂಬಿದ್ರೆ ಗುಂಡಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ.

ರೋಡ್ ದಾಟೋದು ಹೇಗೆ ಕಲಿಸೋದು?

ಬಲಕ್ಕೆ ನೋಡು ಎಡಕ್ಕೆ ನೋಡು ಮತ್ತೆ ಬಲಕ್ಕೆ ನೋಡು ಅಂತ ಎಲ್ಲರೂ ಹೇಳ್ಕೊಟ್ಟಿರ್ತಾರೆ, ಮಕ್ಕಳು ಕತ್ತು ಮಾತ್ರ ಅಲ್ಲಾಡಿಸಿ ಏನೂ ನೋಡದೆ ದಾಟ್ತಾರೆ. ನನ್ನ ಮಗಳೂ ಹಾಗೇ. ಅದಕ್ಕೆ ಈಗ ನಾನು "ಏನು ಬರ್ತಿದೆ ಹೇಳು" ಅಂತ ಕೇಳ್ತೀನಿ. "ಬಿಳಿ ಕಾರು, ದೂರ ಇದೆ, ಒಂದು ಆಟೋ, ತಿರುಗ್ತಿದೆ" ಅಂತ ಬಾಯಿ ಬಿಟ್ಟು ಹೇಳಿದ್ರೆ ಮಾತ್ರ ಅವಳು ನೋಡಿದಾಳೆ ಅಂತ ಅರ್ಥ. ಒನ್ ವೇ ಆದ್ರೂ ಎರಡೂ ಕಡೆ ನೋಡ್ಲೇಬೇಕು, ರಾಂಗ್ ಸೈಡಲ್ಲಿ ಬರೋ ಸ್ಕೂಟರು ನಮ್ಮೂರಲ್ಲಿ ಕಮ್ಮಿ ಏನಿಲ್ಲ. ನಿಂತಿರೋ ಬಸ್ಸಿನ ಮುಂದಿಂದ ದಾಟಬಾರದು, ಬಸ್ಸು ಹೋಗೋವರೆಗೂ ಕಾಯ್ಬೇಕು, ಇದೊಂದನ್ನ ಮಾತ್ರ ನಾನು ಗದರಿಸಿ ಕಲಿಸಿದೀನಿ. ಮತ್ತೆ ದಾಟ್ವಾಗ ಓಡೋದು ಬೇಡ, ಓಡಿದ್ರೆ ಎಡವ್ತಾರೆ.

ಬೀದಿ ನಾಯಿ?

ಓಡಬಾರದು, ಕಲ್ಲೆತ್ತಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಕೈ ಕಟ್ಕೊಂಡು ಕಂಬದ ಥರ ನಿಂತ್ಕೊಂಡ್ರೆ ಮೂಸಿ ಹೋಗುತ್ತೆ. ಗುಂಪಲ್ಲಿ ಹೋದ್ರೆ ಅರ್ಧ ಸಮಸ್ಯೆ ಇರಲ್ಲ. ಮರಿ ಹಾಕಿರೋ ನಾಯಿ ಇರೋ ಬೀದಿ ಒಂದೆರಡು ತಿಂಗಳು ಬಿಟ್ಟುಬಿಡಿ. ಕಚ್ಚಿದ್ರೆ, ಪರಚಿದ್ರೂ ಅಷ್ಟೇ, ಸೋಪು ಹಾಕಿ ನಲ್ಲಿ ನೀರಲ್ಲಿ ಹದಿನೈದು ನಿಮಿಷ ತೊಳೆದು ಆವತ್ತೇ ಇಂಜೆಕ್ಷನ್ ಕೊಡಿಸ್ಬೇಕು, ಅರಿಶಿನ ಹಚ್ಚಿ ನೋಡೋಣ ಅನ್ನೋದು ಬೇಡ.

ಬ್ಯಾಗು ಮಣ ಭಾರ ಇದೆ, ನಡೆಯೋದು ಹೇಗೆ?

ನಮ್ಮ ರಾಜ್ಯದಲ್ಲಿ 2019ರಲ್ಲೇ ಆದೇಶ ಆಗಿದೆ: ಒಂದು ಎರಡನೇ ಕ್ಲಾಸಿಗೆ ಒಂದೂವರೆಯಿಂದ ಎರಡು ಕೆಜಿ, ಮೂರರಿಂದ ಐದಕ್ಕೆ ಎರಡರಿಂದ ಮೂರು, ಆರರಿಂದ ಎಂಟಕ್ಕೆ ಮೂರರಿಂದ ನಾಲ್ಕು, ಒಂಬತ್ತು ಹತ್ತಕ್ಕೆ ನಾಲ್ಕರಿಂದ ಐದು ಕೆಜಿ. ನಾನು ತರಕಾರಿ ಅಂಗಡಿ ತಕ್ಕಡೀಲಿ ಮಗಳ ಬ್ಯಾಗ್ ಇಟ್ಟೆ, ಮೂರನೇ ಕ್ಲಾಸು, ಐದು ಕಾಲು ಕೆಜಿ. ಅಂಗಡಿಯವರು "ಏನಕ್ಕಾ ಈರುಳ್ಳಿನಾ" ಅಂದ್ರು. ಆ ಚೀಟಿ ತಗೊಂಡು ಹೋಗಿ ಕ್ಲಾಸ್ ಟೀಚರ್‌ಗೆ ತೋರಿಸಿದ ಮೇಲೆ ಎರಡು ಟೆಕ್ಸ್ಟ್ ಬುಕ್ ಸ್ಕೂಲಲ್ಲೇ ಇಡೋಕೆ ಒಪ್ಪಿದ್ರು. ನೀವೂ ತೂಕ ಹಾಕ್ಸಿ.

ಸೈಕಲ್ ಯಾವಾಗ ಕೊಡಿಸಬಹುದು? ಎಂಥದ್ದು?

ಮನೆ ಹತ್ರ ಓಡಿಸೋಕೆ ಯಾವಾಗ ಬೇಕಾದ್ರೂ. ಸ್ಕೂಲಿಗೆ ಅಂದ್ರೆ ಹನ್ನೆರಡು ವರ್ಷಕ್ಕೆ ಮುಂಚೆ ಒಬ್ಬರನ್ನೇ ಬಿಡೋದು ನಂಗಿಷ್ಟ ಇಲ್ಲ. ನಮ್ಮ ಪರೀಕ್ಷೆ ಮೂರು. ಒಂದು ಕೈ ಬಿಟ್ಟು ಕೈ ತೋರಿಸ್ಕೊಂಡು ನೇರಕ್ಕೆ ಹೋಗೋಕೆ ಬರ್ಬೇಕು, ಹಿಂದೆ ತಿರುಗಿ ನೋಡಿದ್ರೂ ಹ್ಯಾಂಡಲ್ ಆ ಕಡೆ ವಾಲಬಾರದು, ಹೇಳಿದ ಗೆರೆ ಹತ್ರ ಕಾಲು ಎಳೀದೆ ಬ್ರೇಕ್ ಹಿಡಿದು ನಿಲ್ಲಿಸ್ಬೇಕು. ಭಾನುವಾರ ಸ್ಕೂಲ್ ಗ್ರೌಂಡಲ್ಲಿ ಸುಣ್ಣದ ಗೆರೆ ಹಾಕಿ ನೋಡ್ತೀವಿ.

ಎರಡು ವರ್ಷ ಬರ್ಲಿ ಅಂತ ದೊಡ್ಡ ಸೈಕಲ್ ಕೊಡಿಸ್ತೀವಲ್ಲ ನಾವು, ಯೂನಿಫಾರ್ಮ್ ಕೊಡಿಸೋ ಹಾಗೆ, ಅದು ತಪ್ಪು. ಸೀಟಲ್ಲಿ ಕೂತ್ರೆ ಎರಡೂ ಕಾಲಿನ ತುದಿ ನೆಲಕ್ಕೆ ತಾಗ್ಬೇಕು. ನಾವೆಲ್ಲ ಅಪ್ಪನ ಸೈಕಲಲ್ಲಿ ಒಳಪೆಡ್ಲು ಹೊಡೆದೇ ಕಲಿತಿದ್ದು ನಿಜ, ಆದ್ರೆ ಆಗ ರೋಡಲ್ಲಿ ಇದ್ದಿದ್ದು ಎತ್ತಿನ ಗಾಡಿ. ಗೇರ್ ಬೇಕಾ ಅಂದ್ರೆ, ಚಾಮುಂಡಿ ಬೆಟ್ಟ ಹತ್ತೋದಿದ್ರೆ ಬೇಕು. ಸ್ಕೂಲಿಗೆ ಬೇಕಾಗಿರೋದು ಎರಡೂ ಬ್ರೇಕು, ಬೆಲ್ಲು, ಮಡ್ಗಾರ್ಡು, ಚೈನ್ ಕವರ್ರು, ಹಿಂದೆ ಕೆಂಪು ರಿಫ್ಲೆಕ್ಟರ್, ಬ್ಯಾಗ್ ಕಟ್ಟೋಕೆ ಕ್ಯಾರಿಯರ್. ಫ್ಯಾನ್ಸಿ ಸೈಕಲಲ್ಲಿ ಇವೇ ಇರಲ್ಲ.

ಹುಡುಗೀರು ಚೂಡಿದಾರ್ ಯೂನಿಫಾರ್ಮಲ್ಲಿ ಸೈಕಲ್ ಹೊಡೀಬಹುದಾ?

ಹೊಡೀಬಹುದು, ವೇಲ್ ಮಾತ್ರ ಬ್ಯಾಗೊಳಗೆ. ಪಿನ್ ಹಾಕಿದ್ರೂ ಸಾಲಲ್ಲ. ನಮ್ಮ ಗುಂಪಿನ ಒಂದು ಹುಡುಗಿಯ ವೇಲು ಹಿಂದಿನ ಚಕ್ರಕ್ಕೆ ಸುತ್ಕೊಂಡು ಕತ್ತು ಎಳೀತು, ನಿಧಾನಕ್ಕೆ ಹೋಗ್ತಿದ್ದಳು, ಪುಣ್ಯ, ಬಿದ್ದು ಮೊಣಕೈ ತರಚಿದ್ದಷ್ಟೇ. ಆಮೇಲೆ ನಾವು ಸ್ಕೂಲಿಗೆ ಹೋಗಿ ಕೇಳ್ಕೊಂಡ್ವಿ, ಈಗ ಸೈಕಲ್ ಹುಡುಗೀರಿಗೆ ವೇಲ್ ಬದಲು ಕೋಟು. ಅದೇ ಥರ ಚಿಕ್ಕ ಮಕ್ಕಳನ್ನ ಕ್ಯಾರಿಯರಲ್ಲಿ ಕೂರಿಸ್ಕೊಂಡು ಹೋಗೋರು ಅವರ ಕಾಲು ಕಡ್ಡಿಗಳ ಮಧ್ಯೆ ಹೋಗದ ಹಾಗೆ ಜಾಲರಿ ಹಾಕಿಸಿ, ಹಿಮ್ಮಡಿ ಕಿತ್ತು ಬರೋ ಗಾಯ ಅದು.

ಸೈಕಲ್‌ಗೆ ಹೆಲ್ಮೆಟ್ ಬೇಕಾ?

ಬೇಕು. ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಕೂರಬೇಕು, ಗದ್ದದ ಪಟ್ಟಿ ಕೆಳಗೆ ಒಂದೆರಡು ಬೆರಳು ಹೋಗೋ ಅಷ್ಟು ಬಿಗಿ. ನೆತ್ತಿ ಹಿಂದಕ್ಕೆ ಜಾರಿಸಿ ಹಾಕ್ಕೊಳ್ಳೋದು ಸ್ಟೈಲು, ಉಪಯೋಗ ಇಲ್ಲ.

ಸರ್ಕಾರಿ ಶಾಲೆ ಮಕ್ಕಳಿಗೆ ಸೈಕಲ್ ಕೊಡ್ತಿದ್ರಲ್ಲ?

ಹೌದು, ಸರ್ಕಾರಿ ಮತ್ತೆ ಅನುದಾನಿತ ಹೈಸ್ಕೂಲಿನ ಎಂಟನೇ ತರಗತಿ ಮಕ್ಕಳಿಗೆ ಕೊಡೋ ಯೋಜನೆ 2006-07ರಲ್ಲಿ ಶುರುವಾಗಿದ್ದು. ಏಳನೇ ಕ್ಲಾಸಿಗೆ ಓದು ನಿಲ್ಲಿಸಿ ಮನೇಲಿ ಕೂರಬೇಕಾಗಿದ್ದ ಎಷ್ಟೋ ಹುಡುಗೀರು ಪಕ್ಕದ ಊರಿನ ಹೈಸ್ಕೂಲು ನೋಡಿದ್ದು ಆ ಸೈಕಲ್‌ನಿಂದ. ನನ್ನ ನಾದಿನಿ ಮಗಳೂ ಅದರಲ್ಲೇ ಹೋಗಿದ್ದು, ಆಮೇಲೆ ಕೊರೋನಾ ಬಂತು, ಹಂಚೋದು ನಿಂತು ಹೋಯ್ತು. ಆಗ ಬಂದ ಸೈಕಲ್ ಇನ್ನೂ ಎಷ್ಟೋ ಮನೆಯ ಕೊಟ್ಟಿಗೇಲಿ ಗಾಳಿ ಇಲ್ದೆ ನಿಂತಿವೆ, ಕೇಳಿ ನೋಡಿ, ಟ್ಯೂಬು, ಬ್ರೇಕ್ ಶೂ ಹಾಕಿಸಿದ್ರೆ ಓಡುತ್ತೆ.

ಬಸ್ ಇರೋ ಊರಲ್ಲಿ ಹುಡುಗೀರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ, ಹುಡುಗರಿಗೆ ಸ್ಟೂಡೆಂಟ್ ಪಾಸ್ ಇದೆ. ಫುಟ್‌ಬೋರ್ಡಲ್ಲಿ ನೇತಾಡೋದು ಬೇಡ ಅಂತ ಹೇಳಿ ಕಳಿಸಿ, ಅವರು ಕೇಳಲ್ಲ, ಆದ್ರೂ ಹೇಳಿ.

ಕಾರ್‌ಪೂಲ್ ಮಾಡ್ಬೇಕು, ದುಡ್ಡು ತಗೋಬಹುದಾ?

ಬಿಳಿ ಬೋರ್ಡ್ ಕಾರಲ್ಲಿ ತಿಂಗಳಿಗೆ ಇಷ್ಟು ಅಂತ ಫೀಸ್ ತಗೊಂಡು ಮಕ್ಕಳನ್ನ ಕರ್ಕೊಂಡು ಹೋದ್ರೆ ಅದು ಬಾಡಿಗೆ ಆಯ್ತು, ಬಾಡಿಗೆಗೆ ಹಳದಿ ಬೋರ್ಡ್ ಪರ್ಮಿಟ್ ಬೇಕು. ಅಪಘಾತ ಆದ್ರೆ ಇನ್ಶೂರೆನ್ಸ್‌ನವರು ಮೊದಲು ಎತ್ತೋ ತಕರಾರೂ ಅದೇ. ಅದಕ್ಕೆ ನಮ್ಮವರು ದುಡ್ಡಿನ ತಂಟೆಗೇ ಹೋಗಿಲ್ಲ, ನಾಲ್ಕು ಮನೆ, ಕಾರಿರೋ ಮೂರು ಮನೆಯವರದ್ದು ಒಂದೊಂದು ವಾರ, ಅವರವರ ಕಾರು ಅವರವರ ಪೆಟ್ರೋಲು. ಕಾರಿಲ್ಲದ ಒಂದು ಮನೆಯವರು ಸಾಯಂಕಾಲ ನಾಲ್ಕೂ ಮಕ್ಕಳನ್ನ ಮನೇಲಿ ಕೂರಿಸ್ಕೊಂಡು ತಿಂಡಿ ಕೊಟ್ಟು ಹೋಮ್‌ವರ್ಕ್ ಮಾಡಿಸ್ತಾರೆ, ಲೆಕ್ಕ ಚುಕ್ತಾ. ಅವರ ಮನೆ ಅವಲಕ್ಕಿಗೋಸ್ಕರ ಇನ್ನೂ ಇಬ್ಬರು ಸೇರ್ಕೊಳ್ಳೋಕೆ ರೆಡಿ ಇದಾರೆ.

ಕಾರಲ್ಲಿ ಎಷ್ಟು ಮಕ್ಕಳು ಕೂರಬಹುದು?

ಸೀಟ್ ಬೆಲ್ಟ್ ಎಷ್ಟಿದೆಯೋ ಅಷ್ಟು, ತೊಡೆ ಮೇಲೆ ಇನ್ನೊಂದು ಮಗು ಅನ್ನೋದಿಲ್ಲ. ಹದಿನಾಲ್ಕು ವರ್ಷದ ಒಳಗಿನ ಮಗುಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ದೆ ಕರ್ಕೊಂಡು ಹೋದ್ರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೇಲಿ ಸಾವಿರ ರೂಪಾಯಿ ದಂಡ. ಚಿಕ್ಕವರಿಗೆ ಬೆಲ್ಟು ಕತ್ತಿಗೆ ಬರುತ್ತೆ, ಬೂಸ್ಟರ್ ಸೀಟ್ ಹಾಕಿದ್ರೆ ಭುಜಕ್ಕೆ ಬರುತ್ತೆ. ಮುಂದಿನ ಸೀಟಲ್ಲಿ ಮಕ್ಕಳು ಬೇಡ, ಏರ್‌ಬ್ಯಾಗ್ ಇರೋದು ದೊಡ್ಡವರ ಮೈ ಲೆಕ್ಕಕ್ಕೆ.

ಇಳಿಯೋದು ಯಾವಾಗ್ಲೂ ಎಡಗಡೆ ಬಾಗಿಲಿಂದ, ಬಲಗಡೆಗೆ ಚೈಲ್ಡ್ ಲಾಕ್ ಹಾಕಿಬಿಡಿ. ಇದನ್ನ ನಾನು ಕಲಿತಿದ್ದು ನಾಚಿಕೆ ಆಗೋ ಥರ. ಒಂದು ದಿನ ಮಗ ಬಲಗಡೆ ಬಾಗಿಲು ತೆಗೆದ, ಹಿಂದಿಂದ ಬರ್ತಿದ್ದ ಪೇಪರ್ ಹುಡುಗನ ಸೈಕಲ್ ಬಾಗಿಲಿಗೆ ಬಡಿದು ಅವನು ಬಿದ್ದ, ಪೇಪರೆಲ್ಲ ರೋಡಿಗೆ. ಅವನ ಮಂಡಿಗೆ ನಾಲ್ಕು ಹೊಲಿಗೆ. ಅವನೂ ಒಂಬತ್ತನೇ ಕ್ಲಾಸ್ ಓದ್ತಿದ್ದ ಹುಡುಗನೇ.

ಸ್ಕೂಟರಲ್ಲಿ ಇಬ್ಬರು ಮಕ್ಕಳನ್ನ ಕೂರಿಸ್ಕೊಂಡು ಹೋಗ್ತೀನಿ, ತಪ್ಪಾ?

ಕಾನೂನಲ್ಲಿ ಓಡಿಸೋರ ಜೊತೆ ಇನ್ನೊಬ್ಬರು ಮಾತ್ರ. ನಾಲ್ಕು ವರ್ಷ ದಾಟಿದ ಮಗುಗೂ ಹೆಲ್ಮೆಟ್ ಕಡ್ಡಾಯ. ನಾಲ್ಕರ ಒಳಗಿನವರಿಗೆ 2023ರ ಫೆಬ್ರವರಿಯಿಂದ ನಿಮ್ಮ ಮೈಗೆ ಕಟ್ಕೊಳ್ಳೋ ಸೇಫ್ಟಿ ಬೆಲ್ಟು, ಹೆಲ್ಮೆಟ್ಟು, ನಲವತ್ತು ಕಿಲೋಮೀಟರ್‌ಗಿಂತ ಜಾಸ್ತಿ ಸ್ಪೀಡ್ ಇಲ್ಲ, ಇಷ್ಟು ನಿಯಮ. ನಮ್ಮೂರ ರೋಡಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿ, ಮುಂದೆ ನಿಂತಿರೋ ಮಗುಗೆ ಹೆಲ್ಮೆಟ್ ಇಲ್ಲ, ಅಪ್ಪನ ತಲೇಲಿ ಮಾತ್ರ ಇದೆ, ಪೊಲೀಸ್ ಹಿಡಿಯೋದು ಅಪ್ಪನ್ನ ತಾನೇ.

ಒಂಬತ್ತನೇ ಕ್ಲಾಸ್ ಮಗ ಸ್ಕೂಟಿ ಕೇಳ್ತಿದಾನೆ, ಟ್ಯೂಷನ್‌ಗೆ ಅಷ್ಟೇ.

ಕೊಡಬೇಡಿ. ಲೈಸೆನ್ಸ್ ವಯಸ್ಸು ಹದಿನೆಂಟು, ಗೇರಿಲ್ಲದ 50 ಸಿಸಿ ಒಳಗಿನ ಗಾಡಿಗೆ ಹದಿನಾರು, ನಿಮ್ಮ ಮನೆಯ 110 ಸಿಸಿ ಸ್ಕೂಟಿ ಅದರಲ್ಲಿ ಬರಲ್ಲ. ಮಗು ಓಡಿಸಿ ಸಿಕ್ಕಿಬಿದ್ರೆ ಕೇಸ್ ಆಗೋದು ಅಪ್ಪ ಅಮ್ಮನ ಮೇಲೆ, 25,000 ರೂಪಾಯಿ ದಂಡ, ಮೂರು ವರ್ಷದವರೆಗೂ ಜೈಲು ಆಗಬಹುದು, ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು, ಮಗನಿಗೆ ಇಪ್ಪತ್ತೈದು ತುಂಬೋವರೆಗೂ ಲೈಸೆನ್ಸ್ ಇಲ್ಲ. 25 ಕಿಲೋಮೀಟರ್ ಸ್ಪೀಡಿನ, 250 ವ್ಯಾಟ್ ಒಳಗಿನ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ ಅಂತ ಅಂಗಡಿಯವರು ಹೇಳ್ತಾರೆ, ಅದು ನಿಜಾನೇ, ಆದ್ರೆ ಅದನ್ನ ಬಿಚ್ಚಿ ನಲವತ್ತು ಓಡೋ ಹಾಗೆ ಮಾಡಿಸ್ಕೊಂಡು ಬರ್ತಾರೆ ಹುಡುಗರು, ಆಗ ಅದು ಮೋಟಾರು ವಾಹನಾನೇ.

ಯಾರಾದ್ರೂ ಅಪರಿಚಿತರು ಕರ್ಕೊಂಡು ಹೋಗ್ಬಿಟ್ರೆ?

ಮನೆಗೊಂದು ಗುಟ್ಟಿನ ಮಾತು ಇಟ್ಕೊಳ್ಳಿ. "ನಿಮ್ಮಮ್ಮ ಕಳಿಸಿದ್ರು" ಅಂತ ಯಾರು ಬಂದ್ರೂ ಆ ಮಾತು ಹೇಳ್ಬೇಕು, ಗೊತ್ತಿರೋ ಅಂಕಲ್ ಆದ್ರೂ ಸರಿ. ನಮ್ಮನೆದು ಒಂದು ತಿಂಡಿ ಹೆಸರು, ಹೇಳಲ್ಲ. ದಾರೀಲಿ ಭಯ ಆದ್ರೆ ಯಾವ ಅಂಗಡಿಗೆ ನುಗ್ಗಬಹುದು ಅಂತ ಮೊದಲೇ ತೋರಿಸಿಡಿ, ನಮ್ಮ ಬೂತ್ ಅಣ್ಣ, ಮೆಡಿಕಲ್ ಸ್ಟೋರ್ ಅಕ್ಕ ಇಬ್ಬರಿಗೂ ಎಲ್ಲ ಮಕ್ಕಳ ಹೆಸರು ಗೊತ್ತು. 112 ಮತ್ತೆ 1098 ಎರಡೂ ನಂಬರ್ ಬಾಯಿಪಾಠ ಮಾಡಿಸಿ. ಮಗುವಿನ ಹೆಸರು ದೊಡ್ಡದಾಗಿ ಬ್ಯಾಗ್ ಹೊರಗಡೆ ಬರೀಬೇಡಿ, ಒಳಗಡೆ ಬರೀರಿ.

ಮಳೆ ಬಂದ್ರೆ?

ರೈನ್‌ಕೋಟು, ಛತ್ರಿ ಅಲ್ಲ, ಛತ್ರಿ ಹಿಡಿದ್ರೆ ಮುಂದೆ ಕಾಣಲ್ಲ. ಬಣ್ಣ ಹಳದಿ ಇರಲಿ, ಕಪ್ಪು ಬೇಡ. ಸೈಕಲ್ ರಿಮ್ಮು ನೆಂದ್ರೆ ಬ್ರೇಕ್ ತಡವಾಗಿ ಹಿಡಿಯುತ್ತೆ, ಮೊದಲೇ ಹಿಡೀಬೇಕು. ಗುಡುಗು ಸಿಡಿಲಿದ್ರೆ, ಮರದ ಕೊಂಬೆ ಬೀಳೋ ಗಾಳಿ ಇದ್ರೆ ರೈಲು ಕ್ಯಾನ್ಸಲ್, ಬೆಳಿಗ್ಗೆ ಏಳಕ್ಕೆ ಗ್ರೂಪಲ್ಲಿ ಮೆಸೇಜ್.

ಜನ ಏನಂತಾರೆ? ಕಾರಿದ್ದೂ ನಡೆಸ್ತಾರೆ ಅಂತಾರಲ್ಲ.

ಅಂತಾರೆ. ನಮ್ಮತ್ತೇನೇ ಮೊದಲ ತಿಂಗಳು "ಮಗೂನ ಬಿಸಿಲಲ್ಲಿ ದಂಡಿಸ್ತಿದೀಯ" ಅಂದ್ರು. ಒಂದು ದಿನ ನಂಗೆ ಹುಷಾರಿರ್ಲಿಲ್ಲ, ಪಾಳಿ ನಂದೇ, ಅವರೇ ಕರ್ಕೊಂಡು ಹೋದ್ರು. ಈಗ ಗುರುವಾರ ಅವರದ್ದೇ, ದಾರೀಲಿ ಸಿಗೋ ದಾಸವಾಳ, ಕಣಗಲೆ ಎಲ್ಲ ಮಕ್ಕಳ ಕೈಲಿ ಕೇಳಿಸಿ ಕಿತ್ಕೊಂಡು ಬರ್ತಾರೆ ಪೂಜೆಗೆ. ಅದರ ಬಗ್ಗೆ ಎರಡು ಮನೆಯವರ ಕಂಪ್ಲೇಂಟ್ ಇದೆ.

ಸ್ಕೂಲಿನವರನ್ನ ಏನು ಕೇಳ್ಬಹುದು?

ಒಂದೇ ಒಂದು ಕೇಳಿ: ಕಾರು ಸ್ಕೂಟರು ಗೇಟಿಂದ ಇನ್ನೂರು ಮೀಟರ್ ಆಚೆ ನಿಲ್ಲಬೇಕು, ಅಲ್ಲಿಂದ ಮಕ್ಕಳು ನಡ್ಕೊಂಡು ಬರ್ಲಿ. ಗೇಟ್ ಹತ್ರ ರಿವರ್ಸ್ ತಗೊಳ್ಳೋ ಕಾರಿಗಿಂತ ಅಪಾಯ ಬೇರೆ ಇಲ್ಲ, ಹಿಂದೆ ನಿಂತಿರೋ ಯುಕೆಜಿ ಮಗು ಕನ್ನಡೀಲಿ ಕಾಣೋದೇ ಇಲ್ಲ. ನಮ್ಮ ಸ್ಕೂಲಿನವರು ಎರಡು ಸಲ ಆಗಲ್ಲ ಅಂದ್ರು, ಮೂರನೇ ಸಲ ಆ ತಾತನ್ನೇ ಕರ್ಕೊಂಡು ಹೋದ್ವಿ. ಅವರು ಹೆಡ್ ಮಿಸ್ ರೂಮಲ್ಲಿ ಕೂತು ಜೇಬಿಂದ ಸೀಟಿ ತೆಗೆದು ಟೇಬಲ್ ಮೇಲಿಟ್ಟು "ನಾನು ಗೇಟಿಗೂ ಬರ್ತೀನಿ, ಎಂಟೂ ಕಾಲಿಗೆ" ಅಂದ್ರು. ಸೋಮವಾರದಿಂದ ಹಗ್ಗ ಕಟ್ಟಿದಾರೆ.